‘ಇಟ್’ ಅಂದರೆ ಸೊಸೆ

ಇಂಗ್ಲಿಷಿನವರ ಮೇಲೆ ನನಗೆ ಅಂಥ ಗೌರವವೇನೂ ಇಲ್ಲ, ಅವರ ವ್ಯಾಕರಣದ ಮೇಲೆ ಮಾತ್ರ ಜೀವ. ಹೊನ್ನಾಳಿಯಿಂದ ದಿನಾ ಬಸ್ಸಿನಲ್ಲಿ ನ್ಯಾಮತಿಗೆ ಬಂದು, ಗೊಬ್ಬರದಂಗಡಿಯ ಮಹಡಿಯ ಮೇಲೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಯಾರಾದರೂ ‘ಹೀ ಗೋ’ ಅಂದರೆ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗಾಗುತ್ತದೆ.

ನಿರ್ಮಲಮ್ಮ ಸೇರಿದ ಮೇಲೆ ಬರೀ ಕಲ್ಲೇ. ಗಂಡ ತೀರಿಕೊಂಡಿದ್ದಾರೆ, ಮಗ ವಿನಯ್ ಸೈನ್ಯದಲ್ಲಿದ್ದಾನೆ. ಅಸ್ಸಾಮಿನಲ್ಲಿ ಡ್ಯೂಟಿಯಲ್ಲಿದ್ದಾಗ ಅಲ್ಲಿಯ ಹುಡುಗಿ ಜೋನಾಲಿಯನ್ನು ಮದುವೆಯಾಗಿ, ತಾಯಿಯ ಹತ್ತಿರ ತಂದು ಬಿಟ್ಟು, ಮತ್ತೆ ಗಡಿಗೆ ಹೋದ. ಸೊಸೆಗೆ ಹಿಂದಿ, ಇಂಗ್ಲಿಷ್ ಬರುತ್ತದೆ, ಕನ್ನಡ ಬಾರದು; ಅತ್ತೆಗೆ ಕನ್ನಡ ಬಿಟ್ಟರೆ ಬೇರೇನೂ ಬಾರದು. ಅದಕ್ಕೇ ಈ ಇಂಗ್ಲಿಷ್ ಕ್ಲಾಸು.

ಮನೆಯವರ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಒಂದು ದಿನ ಎಲ್ಲರಿಗೂ ಹೇಳಿದೆ. ನಿರ್ಮಲಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

“ಮೈ ಡಾಟರ್ ಇನ್ ಲಾ ಜೋನಾಲಿ. ಇಟ್ ಈಸ್ ವೆರಿ ಗುಡ್. ಇಟ್ ಈಸ್ ನಾಟ್ ಈಟಿಂಗ್.”

“ಇಟ್ ಅಲ್ಲಮ್ಮ, ಶೀ. ಇಟ್ ಅನ್ನೋದು ನಾಯಿಗೆ, ಕುರ್ಚಿಗೆ.”

“ಶೀ ಅಂದ್ರೆ ಅವಳು ಅಲ್ವೇನ್ರೀ ಮೇಡಂ? ಸೊಸೀನ ಅವಳು ಇವಳು ಅನ್ನಾಕೆ ನಾನೇನು ಜಗಳಕ್ಕೆ ನಿಂತೀನಾ?”

ಅವರ ಇಟ್ ಕನ್ನಡದ ‘ಅದು’ ಎಂದು ಆಗ ಹೊಳೆಯಿತು. ನಮ್ಮವ್ವ ಕೂಡ ಇವತ್ತಿಗೂ ನನ್ನ ಬಗ್ಗೆ “ಅದು ಬಂತಾ?” ಎಂದೇ ಕೇಳುತ್ತಾಳೆ. ನಮ್ಮ ಕಡೆ ಮುದ್ದಿನ ಹೆಣ್ಣುಮಕ್ಕಳೆಲ್ಲ ಅದುವೇ.

“ಹಂಗಾದ್ರೆ ಮರ್ಯಾದೆಯಿಂದ ದೇ ಅನ್ಲಾ?”

“ದೇ ಅಂದ್ರೆ ಎಷ್ಟು ಜನ ಸೊಸೇರು ಅಂತ ಕೇಳ್ತಾರೆ.”

ಕ್ಲಾಸೆಲ್ಲ ನಕ್ಕಿತು. ನಿರ್ಮಲಮ್ಮನ ಕಣ್ಣಲ್ಲಿ ನೀರು ಬಂತು.

“ನಗಬ್ಯಾಡ್ರಿ. ಜಗಳೂರಿನ ನೆಂಟರು ಬಂದಿದ್ರು. ನಂಗೂ ಇಂಗ್ಲಿಷ್ ಬರ್ತೈತೆ ಅಂತ ತೋರ್ಸಾಕೆ ಅವರ ಮುಂದೆ ಹಿಂಗೇ ಅಂದೆ. ಅದು ಕೇಳಿಸ್ಕೊಂಡು ರೂಮಿಗೆ ಹೋಯ್ತು. ಈಗ ನನ್ನ ಜೊತೆ ಊಟಕ್ಕೂ ಕೂರಲ್ಲ. ಭಾನುವಾರ ತವರಿಗೆ ಹೋಗಾಕೆ ಟಿಕೆಟ್ ಮಾಡ್ಸೈತೆ, ಮತ್ತೆ ಬರಲ್ಲ ಅಂತ ವಿನಯ್‌ಗೆ ಹೇಳೈತೆ. ನೀವೇ ಬಂದು ತಿಳ್ಸಿ ಹೇಳ್ರಿ.”

ಕ್ಲಾಸು ಮುಗಿಸಿ ನಿರ್ಮಲಮ್ಮನ ಜೊತೆ ಅವರ ಮನೆಗೆ ಹೋದೆ. ಜೋನಾಲಿ ಬಟ್ಟೆ ಮಡಚಿ ಬ್ಯಾಗಿಗೆ ತುಂಬುತ್ತಿದ್ದಳು. ನನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿ, ಕನ್ನಡದ ಅದುವಿಗೂ ಇಂಗ್ಲಿಷಿನ ಇಟ್‌ಗೂ ಇರುವ ವ್ಯತ್ಯಾಸವನ್ನು ಇಂಗ್ಲಿಷಿನಲ್ಲಿ ವಿವರಿಸಿದೆ. ಅಚ್ಚುಕಟ್ಟಾದ ಪಾಠ, ನನಗೇ ಮೆಚ್ಚುಗೆಯಾಯಿತು.

ಅವಳು ಪೂರ್ತಿ ಕೇಳಿ, ಇಂಗ್ಲಿಷಿನಲ್ಲೇ ಹೇಳಿದಳು: “ಅರ್ಥವಾಯಿತು. ಆ ಮಾತಿಗೆ ಸಿಟ್ಟು ಬಂದದ್ದು ನಿಜ. ಆದರೆ ಹೊರಟಿರುವುದು ಅದಕ್ಕಲ್ಲ. ಬಂದಾಗಿನಿಂದ ಇವರು ನನ್ನ ಬಗ್ಗೆ ಎಲ್ಲರ ಹತ್ತಿರ ಮಾತಾಡುತ್ತಾರೆ. ನಾನು ಉಂಡೆನಾ ಎಂದು ಗಡಿಯಲ್ಲಿರುವ ಮಗನಿಗೆ ಫೋನ್ ಮಾಡಿ ಕೇಳುತ್ತಾರೆ. ನಾನು ಪಕ್ಕದ ಕೋಣೆಯಲ್ಲೇ ಇರುತ್ತೇನೆ. ನನ್ನನ್ನೇ ಯಾಕೆ ಕೇಳುವುದಿಲ್ಲ?”

ನನ್ನ ಪಾಠವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಅವಳ ಮಾತನ್ನು ನಿರ್ಮಲಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವರ ಮುಖ ಸಣ್ಣದಾಯಿತು.

“ತಪ್ಪು ಮಾತಾಡಿದ್ರೆ ನಕ್ಬಿಡ್ತೈತೆ ಅಂತ ಹೆದರಿಕೆ ಆಗ್ತಿತ್ರೀ,” ಎಂದರು. ಆಮೇಲೆ ಮೆಲ್ಲಗೆ, “ಎದುರಿಗೆ ಇರೋರಿಗೆ ಏನಂತಾರೆ?”

“ಯೂ.”

“ಸಣ್ಣೋರಿಗೂ ದೊಡ್ಡೋರಿಗೂ?”

“ಎಲ್ಲಾರಿಗೂ ಅದೇ. ಗಂಡು ಹೆಣ್ಣು ಅನ್ನೋ ಭೇದಾನೂ ಇಲ್ಲ.”

“ಇಷ್ಟು ಸುಲಭದ್ದು ಇಟ್ಕೊಂಡು ಅವಳು, ಅದು ಅಂತ ಯಾಕ್ರೀ ನನ್ನ ತಲೆ ತಿಂದ್ರಿ?” ಎಂದು ನನ್ನನ್ನೇ ಗದರಿ, ಅವರು ಸೊಸೆಯ ಹತ್ತಿರ ಹೋಗಿ ಅವಳ ಕೈ ಹಿಡಿದುಕೊಂಡರು.

“ಯೂ ನೋ ಗೋ,” ಎಂದರು. “ಯೂ ಗೋ, ಐ ನೋ ಈಟ್.”

ಒಂದು ವಾಕ್ಯವೂ ನೆಟ್ಟಗಿರಲಿಲ್ಲ. ನಾನು ತಿದ್ದಲು ಹೋಗಲಿಲ್ಲ.

ಜೋನಾಲಿ ತಲೆ ತಗ್ಗಿಸಿ ನಿಂತಿದ್ದಳು. ಮಡಚಿದ ಸೀರೆ ಇನ್ನೂ ಅವಳ ತೋಳ ಮೇಲೆಯೇ ಇತ್ತು. ಆಮೇಲೆ ಕನ್ನಡದ ಒಂದೊಂದೇ ಪದವನ್ನು ಹುಡುಕಿ ತೆಗೆದಳು.

“ಹೋಗಲ್ಲ. ಅತ್ತೆ, ನೀವು ಬಾ. ಊಟ.”

ನೀವು ಎಂದ ಮೇಲೆ ಬನ್ನಿ ಎನ್ನಬೇಕು. ಅದು ನನಗೂ ಗೊತ್ತು, ನಿರ್ಮಲಮ್ಮನಿಗೂ ಗೊತ್ತು. ಅವರು ಕಣ್ಣೊರೆಸಿಕೊಂಡು, “ಬಂದೆ ಕಣವ್ವ, ಬಂದೆ,” ಎನ್ನುತ್ತ ಸೊಸೆಯ ಹಿಂದೆ ಅಡಿಗೆಮನೆಗೆ ನಡೆದರು.