ಇಳಿಜಾರು ಕಣದ ಕಾರು

ಒಂದಾನೊಂದು ಊರಲ್ಲಿ, ಊರೆಂದರೆ ದೂರದ್ದೇನಲ್ಲ, ನಮ್ಮ ಅರಸೀಕೆರೆಯ ಪಕ್ಕದಲ್ಲೇ, ಒಂದು ಬಿಳಿ ಕಾರಿತ್ತು. ಗೇರು ಹಾಕಿದರೆ ಅದು ತಕ್ಷಣ ಹೊರಡುತ್ತಿರಲಿಲ್ಲ. ಮಹಾರಾಣಿಯ ಹಾಗೆ ತುಸು ಹೊತ್ತು ಯೋಚಿಸಿ, ಆಮೇಲೆ ದಡಕ್ಕನೆ ಮುಂದಕ್ಕೆ ಹಾರುತ್ತಿತ್ತು.

ಕಾರು ಉಷಾರಾಣಿಯದು. ಅಜ್ಜಿ ಮಹದೇವಮ್ಮನಿಗೆ, ಬೇಲೂರಿನಲ್ಲಿ ಹಾಸಿಗೆ ಹಿಡಿದಿದ್ದ ಅವರ ತಂಗಿ ಮುದ್ದಮ್ಮನನ್ನು ತೋರಿಸುತ್ತೇನೆಂದು ಅವಳು ಮಾತು ಕೊಟ್ಟಿದ್ದಳು. ಆದರೆ ಹೋದ ವಾರ ಹಳೇಬೀಡಿನ ತಿರುವಿನಲ್ಲಿ ಕಾರು ಯೋಚಿಸುತ್ತ ನಿಂತುಬಿಟ್ಟಿತು. ಹಿಂದಿನಿಂದ ಬಂದ ಬಸ್ಸು ಕಿವಿ ಹರಿಯುವಂತೆ ಹಾರ್ನ್ ಹೊಡೆಯಿತು. "ಇನ್ನು ಇದ್ರೊಳಗೆ ಕಾಲಿಡಕಿಲ್ಲ ಕಣೇ," ಎಂದು ಅಜ್ಜಿ ಅಲ್ಲಿಂದಲೇ ಕಾರನ್ನು ಮನೆಗೆ ತಿರುಗಿಸಲು ಹೇಳಿದ್ದರು. ಮಂಡಿನೋವಿನ ಜೀವಕ್ಕೆ ಬಸ್ಸಿನ ಮೆಟ್ಟಿಲು ದೂರದ ಮಾತು.

ಮೆಕ್ಯಾನಿಕ್ ಮಧುಕುಮಾರ್, ಕಾರು ನಿಲ್ಲಿಸುತ್ತಿದ್ದ, ಮನೆಯ ಕೊಬ್ಬರಿ ಒಣಗಿಸುವ ಕಣಕ್ಕೇ ಬಂದ. ಬ್ರೇಕ್ ಒತ್ತಿ, ಗೇರನ್ನು ಡ್ರೈವ್‌ಗೆ ಹಾಕಿ, ಕಣ್ಣು ಮುಚ್ಚಿ ಕಾದ. ಕಲ್ಲಿನೊಳಗೆ ಮೂರ್ತಿ ಎಲ್ಲಿದೆಯೆಂದು ಆಲಿಸುವ ಶಿಲ್ಪಿ ಹೀಗೇ ಇರುತ್ತಿದ್ದನೇನೋ ಎಂದು ಉಷಾ ಬೆರಗಾಗಿ ನೋಡಿದಳು.

"ಈ ಗೇರ್‌ಬಾಕ್ಸೊಳಗೆ ಎರಡು ರಾಟೆ, ಮಧ್ಯೆ ಒಂದು ಉಕ್ಕಿನ ಬೆಲ್ಟು ಅಷ್ಟೇ. ಎಲ್ಲಾನೂ ಬಿಗಿಯಾಗಿ ಹಿಡ್ಕೊಳ್ಳೋದು ಎಣ್ಣೆ ಒತ್ತಡ. ಅದು ತುಂಬೋದು ತಡ ಆದ್ರೆ ಗಾಡಿನೂ ತಡ," ಎಂದ ಮಧು.

"ಎಣ್ಣೆ ಸರಿ ಇದೆ ಮಧು. ಪ್ರತಿ ಸಲ ನಾನೇ ನೋಡ್ತೀನಿ."

ಅವನೂ ಅಳತೆಕಡ್ಡಿ ಎಳೆದು ನೋಡಿದ. ಎಣ್ಣೆ ಗೆರೆ ಮುಟ್ಟಿತ್ತು. ಮೂಸಿದ. "ಸುಟ್ಟ ವಾಸ್ನೆ ಇಲ್ಲ, ಕ್ಲಚ್ ಬದುಕೈತೆ. ಹಂಗಾದ್ರೆ ಗೇರ್‌ಬಾಕ್ಸ್ ಪೂರ್ತಿ ಇಳಿಸಿ ಬಿಚ್ಬೇಕು. ತಿಂಗಳಾದ್ರೂ ಆಯ್ತದೆ."

ಮುದ್ದಮ್ಮನಿಗೆ ಅಷ್ಟು ದಿನವಿದೆಯೋ ಇಲ್ಲವೋ.

ಅಷ್ಟರಲ್ಲಿ ಕಣದಲ್ಲೇ ಕಾಯಿ ಆರಿಸುತ್ತ ಕುಳಿತಿದ್ದ ಅಜ್ಜಿಯ ಮಡಿಲಿನಿಂದ ಜಾರಿದ ತೆಂಗಿನಕಾಯಿಯೊಂದು ಉರುಳುತ್ತ ಉರುಳುತ್ತ ಗೇಟಿನವರೆಗೂ ಹೋಯಿತು. ಮಧು ಅದನ್ನೇ ನೋಡಿದ.

"ಅಜ್ಜಿ, ಕಣ ಇಳಿಜಾರಾ?"

"ಮತ್ತೆ? ನೀರು ನಿಂತ್ರೆ ಕೊಬ್ಬರಿ ಕೆಡಕಿಲ್ವಾ? ನಮ್ಮ ಯಜಮಾನ್ರು ಬೇಕಂತ್ಲೇ ಹಿಂಗ್ ಮಾಡ್ಸಿದ್ದು. ಗಾಡಿ ರಿಪೇರಿ ಮಾಡಕ್ ಬಂದು ಕಣದ ಲೆಕ್ಕ ಕೇಳ್ತೀಯಲ್ಲಪ್ಪ!"

ಮಧು ಹಣೆ ಚಚ್ಚಿಕೊಂಡು ನಕ್ಕ. "ಪ್ರತಿ ಸಲನೂ ಇಲ್ಲೇ ಅಳೆದ್ರಾ ಉಷಾ ಮೇಡಂ? ನಾನೂ ಇಲ್ಲೇ ಅಳೆದ್ನಲ್ಲ! ಎಣ್ಣೆ ಒಂದ್ ಕಡೆ ವಾಲ್ಕೊಂಡು ತುಂಬಿದಂಗೆ ನಾಟಕ ಆಡೈತೆ."

ಕಾರನ್ನು ಸಮತಟ್ಟು ರಸ್ತೆಗೆ ತಂದರು. ಎಂಜಿನ್ ಬಿಸಿಯಾಗಲು ಬಿಟ್ಟು, ಗೇರನ್ನು ಒಂದೊಂದೇ ಸ್ಥಾನಕ್ಕೆ ಸರಿಸಿ, ಮತ್ತೆ ಅಳೆದರು. ಕಡ್ಡಿಯ ತುದಿ ಮಾತ್ರ ಒದ್ದೆಯಾಗಿತ್ತು. ಕಾರಿನ ಅಡಿಯಲ್ಲಿ, ಎಣ್ಣೆ ತಣಿಸುವ ಕೊಳವೆಯ ಬಾಯಿ ಹನಿಹನಿಯಾಗಿ ಕದ್ದು ಬೆವರುತ್ತಿತ್ತು. ಮಧು ಹೊಸ ವಾಷರ್ ಹಾಕಿ ಬಿಗಿದ. ಆ ಗೇರ್‌ಬಾಕ್ಸಿಗೇ ಹೇಳಿ ಮಾಡಿಸಿದ ಎಣ್ಣೆ ತರಿಸಿ, ಮಗುವಿಗೆ ಹಾಲು ಕುಡಿಸುವ ನಿಧಾನದಲ್ಲಿ ಸುರಿದ.

ಡ್ರೈವ್‌ಗೆ ಹಾಕಿದ್ದೇ ತಡ, ಕಾರು ಬೆಣ್ಣೆಯಂತೆ ಜರುಗಿತು.

"ಇನ್ನೊಂದ್ಸಲ ಮಾಡು," ಎಂದರು ಅಜ್ಜಿ. ಉಷಾ ಹಿಂದಕ್ಕೆ ಹೋಗಿ, ಮುಂದಕ್ಕೆ ಬಂದಳು. ಅಜ್ಜಿ ಬಾಗಿಲು ತೆಗೆದು ಕುಳಿತರು.

ಹಳೇಬೀಡು ಹಿಂದಾಯಿತು, ಮಾದಿಹಳ್ಳಿಯೂ ಹಿಂದಾಯಿತು. ಬೇಲೂರಿನ ಓಣಿಯ ಮನೆಯೊಂದರಲ್ಲಿ, ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದ ಮುದ್ದಮ್ಮ ಕಣ್ಣು ಕಿರಿದು ಮಾಡಿ ನೋಡಿದಳು.

"ಈಗ ಬಂದ್ಯಾ ಅಕ್ಕ?"

ಮಹದೇವಮ್ಮ ಮಂಚದಂಚಿನಲ್ಲಿ ಕುಳಿತು ತಂಗಿಯ ಕೈ ಹಿಡಿದುಕೊಂಡರು.