ಬಲಗಾಲಾಗದ ಎಡಪಾದ

ನಾನು ಒಂದು ರಬ್ಬರಿನ ಪಾದ. ಎಡಪಾದ. ಈ ಎರಡನೆಯ ಮಾತನ್ನು ಜನ ಕಿವಿಗೊಟ್ಟು ಕೇಳಿದ್ದರೆ ನನ್ನ ಅರ್ಧ ಆಯುಷ್ಯ ಹಾಳಾಗುತ್ತಿರಲಿಲ್ಲ. ಎಡಗಾಲಿನ ಅಚ್ಚಿನಲ್ಲಿ ಬೆಂದು ಹೊರಬಂದೆ. ಐದು ಬೆರಳು, ಒಂದು ಹಿಮ್ಮಡಿ, ಕೃತಕ ಕಾಲಿಗೆ ಬಿಗಿಯಲು ನಡುವೆ ಒಂದು ಬೋಲ್ಟು. ನಡೆಯಬೇಕು ಎಂಬುದೊಂದೇ ನನ್ನ ಆಸೆ. ಪಾದಕ್ಕೆ ಇನ್ನೇನು ಆಸೆ ಇರುತ್ತದೆ?

ಗದಗಿನಲ್ಲಿ ಕೃತಕ ಕಾಲು ಜೋಡಿಸುವ ಶಿಬಿರವೊಂದರಲ್ಲಿ ನನ್ನ ಗ್ರಹಚಾರ ಕೆಟ್ಟಿತು. ಅಳತೆ ಬರೆದುಕೊಳ್ಳಲು ಬಂದಿದ್ದವರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಹಂಚಿನಾಳ ಸರ್. ಬಲಗಾಲು ಕಳೆದುಕೊಂಡಿದ್ದ ಫಕ್ಕೀರಪ್ಪನ ಎದುರಿಗೆ ಕುಳಿತು, ತಮ್ಮ ಎಡಕ್ಕೆ ಕಂಡದ್ದನ್ನೇ ‘ಎಡ’ ಎಂದು ಬರೆದುಬಿಟ್ಟರು. ಹಾಗಾಗಿ ಆತನ ಪಾಲಿಗೆ ನಾನು ಬಂದೆ.

“ಸರ್ರ, ಇದು ಎಡಗಾಲ್ರಿ. ನಂದು ಹೋಗಿದ್ದು ಬಲಗಾಲ.”

“ತಡಿ, ಸ್ವಲ್ಪ ತಿರುಗಿಸಿ ನೋಡೋಣು” ಎಂದರು ಸರ್.

ತಿರುಗಿಸಿದರು. ಹೆಬ್ಬೆರಳು ಸರಿಯಾಗಿ ಒಳಬದಿಗೆ ಬಂತು, ಆದರೆ ಬೆರಳೆಲ್ಲ ಹಿಂದಕ್ಕೆ ಹೋದವು. “ದೆವ್ವದ ಕಾಲ ಆತಲ್ರಿ. ಮನ್ಯಾಗ ಹೆಂಡ್ತಿ ಬಾಗಲಾ ತಗಿಯಂಗಿಲ್ಲ” ಎಂದ ಫಕ್ಕೀರಪ್ಪ. ಅಡ್ಡಕ್ಕೆ ಮಗುಚಿದರು. ಬೆರಳು ಮುಂದೆ ಬಂದವು, ಅಂಗಾಲು ಆಕಾಶ ನೋಡಿತು. ನನಗೆ ತಲೆ ಇದ್ದಿದ್ದರೆ ಚಚ್ಚಿಕೊಳ್ಳುತ್ತಿದ್ದೆ. ಫಕ್ಕೀರಪ್ಪನಿಗೆ ಮುಂದಿನ ಶಿಬಿರದಲ್ಲಿ ಬಲಗಾಲು ಸಿಕ್ಕಿತು. ನನ್ನನ್ನು ಸರ್ ಕಾಲೇಜಿಗೆ ಒಯ್ದರು.

ಅಲ್ಲಿ ನಾನು ಪಾಠವಾದೆ. ವರ್ಷಕ್ಕೊಮ್ಮೆ ಕಪಾಟಿನಿಂದ ತೆಗೆದು, ಮೇಜಿನ ಮೇಲೆ ಆ ಕಡೆ ಈ ಕಡೆ ಹೊರಳಾಡಿಸಿ, ಪಕ್ಕದಲ್ಲಿ ಕನ್ನಡಿ ಹಿಡಿಯುತ್ತಿದ್ದರು. “ಬರೇ ತಿರುಗಿಸೋದು ಪ್ರಾಪರ್ ರೊಟೇಶನ್. ಎಷ್ಟು ತಿರುಗಿಸಿದ್ರೂ ಎಡ ಎಡಾನ. ತಿರುಗಿಸಿ, ಮ್ಯಾಲೆ ಕನ್ನಡಿ ಹಿಡದಂಗ ಪ್ರತಿಬಿಂಬನೂ ಮಾಡಿದ್ರ ಇಂಪ್ರಾಪರ್ ರೊಟೇಶನ್. ಆಗಷ್ಟ ಎಡ ಹೋಗಿ ಬಲ ಆಗ್ತದ.” ಸರಿ, ಒಪ್ಪಿದೆ. ಕನ್ನಡಿಯೊಳಗಿನ ಆ ಬಲಗಾಲನ್ನು ಹೊರಗೆಳೆದು ಯಾರಿಗಾದರೂ ತೊಡಿಸಿದ್ದಾರೆಯೇ? ಅಷ್ಟು ಹೊರಳಾಡಿಸಿದವರು ಒಮ್ಮೆಯಾದರೂ ನನ್ನನ್ನು ನೆಲದ ಮೇಲಿಡಲಿಲ್ಲ. ಸಿಟ್ಟಿಗೆ ನನ್ನ ಬೋಲ್ಟು ತುಕ್ಕು ಹಿಡಿಯಿತು.

ಒಂದು ವರ್ಷ ಮುಂದಿನ ಬೆಂಚಿನಲ್ಲಿ ನೀಲಾಂಬಿಕಾ ಎಂಬ ಹುಡುಗಿ ಕುಳಿತಿದ್ದಳು. ಮೇಜಿನ ಮೇಲಿಂದ ನನಗೆ ಅವಳ ಕಾಲು ಕಾಣುತ್ತಿತ್ತು. ಎಡಗಾಲು ಕೃತಕ. ಅದರ ಪಾದ ಸೀಳಿಹೋಗಿ, ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿಕೊಂಡಿತ್ತು. ನನ್ನಷ್ಟೇ ಅಳತೆ. ನಾನು ಕೂಗಲಾರೆ, ಸರ್ ಬಗ್ಗಿ ನೋಡಲಾರರು. ಪಾಠ ನಡೆದೇ ಇತ್ತು.

“ಈ ಪಾದ ಬಲಗಾಲ ಆಗಬೇಕಂದ್ರ ಏನು ಮಾಡಬೇಕು? ನೀಲಾಂಬಿಕಾ, ನೀ ಹೇಳು.”

ಅವಳು ಬೆಂಚು ಹಿಡಿದು ಎದ್ದಳು.

“ಅದು ಬಲಗಾಲ ಯಾಕ ಆಗಬೇಕ್ರಿ ಸರ್? ನನಗ ಎಡಗಾಲ ಬೇಕಾಗೇದ.”

ಸರ್ ಕನ್ನಡಿ ಕೆಳಗಿಟ್ಟರು. ಅವಳ ಪಾದ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಲ್ಯಾಬಿನಿಂದ ಸ್ಪ್ಯಾನರ್ ತರಿಸಿದರು.

ಈಗ ನನಗೆ ವಯಸ್ಸಾಗಿದೆ. ಹಿಮ್ಮಡಿ ಸವೆದು ಒಂದು ಬದಿಗೆ ವಾಲಿದ್ದೇನೆ. ನೀಲಾಂಬಿಕಾ ಹೈಸ್ಕೂಲಿನಲ್ಲಿ ಟೀಚರು. ನಿಧಾನವಾಗಿ ನಡೆ ಎಂದರೆ ಕೇಳುವುದಿಲ್ಲ, ಕೆಸರು ಕಲ್ಲು ನೋಡುವುದಿಲ್ಲ, ಬಸ್ಸಿಗೆ ಓಡುತ್ತಾಳೆ. ದಿನವಿಡೀ ಗೊಣಗುತ್ತೇನೆ. ಸಂಜೆ ಅವಳು ನನ್ನನ್ನು ಬಿಚ್ಚಿ ಮಂಚದ ಕೆಳಗಿಟ್ಟರೆ, ಯಾವಾಗ ಬೆಳಗಾಗುತ್ತದೋ ಎಂದು ಕಾಯುತ್ತಿರುತ್ತೇನೆ.