ಸೊಸೆಯ ಬೀದಿ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದಿನವಿಡೀ ಹೊದಿಕೆಗಳಿಗೆ ಇಸ್ತ್ರಿ ಹಾಕಿ, ಸಂಜೆ ಮನೆಗೆ ಬಂದು ಅಡುಗೆ ಮುಗಿಸಿ, ಊಟದ ಮೇಜನ್ನು ಒರೆಸಿ ಅದರ ಮೇಲೇ ಪುಸ್ತಕ ಹರಡಿಕೊಂಡು ಕೂರುತ್ತಿದ್ದಳು ಸೊಸೆ. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಅಂಚೆ ಶಿಕ್ಷಣದ ಮೂಲಕ ಬಿ.ಎ. ಓದುವ ಹಟ ಅವಳದು. ಮೊದಲೆರಡು ವರ್ಷ ಹೇಗೋ ದಾಟಿತ್ತು. ಈ ವರ್ಷದ ಮಾನವ ಭೂಗೋಳ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಹೊಳೆ, ಬೆಟ್ಟ, ಮಳೆ ಎಂದರೆ ಕಣ್ಣಿಗೆ ಕಾಣುತ್ತದೆ. ಜನಸಾಂದ್ರತೆ, ವಲಸೆಯ ತಳ್ಳುವ ಅಂಶ, ಸೆಳೆಯುವ ಅಂಶ ಎಂದರೆ ಏನು ಕಾಣಬೇಕು?

ಬಾಯಿಗಾದರೂ ಹತ್ತಲಿ ಎಂದು ಗಟ್ಟಿಯಾಗಿ ಓದುತ್ತಿದ್ದಳು. ಗಂಡ ದೂರದೂರಿಗೆ ಲಾರಿ ಓಡಿಸುವವನು, ವಾರಕ್ಕೊಮ್ಮೆ ಮನೆಗೆ ಬರುವವನು. ಹಾಗಾಗಿ ಕೇಳುವವರೆಂದರೆ ಮಾವ ಒಬ್ಬರೇ.

ಮಾವ ಐವತ್ತು ವರ್ಷ ಒಂದೇ ಬೀದಿಯಲ್ಲಿ ಕಟಿಂಗ್ ಶಾಪ್ ನಡೆಸಿದವರು. ಮುಂದೆ ಅಂಗಡಿ, ಹಿಂದೆ ಮನೆ. ಅವಳು ಮದುವೆಯಾಗಿ ಬಂದದ್ದೂ ಆ ಮನೆಗೇ. ಆರು ವರ್ಷದ ನಂತರ ಗಂಡ ಹೆಂಡತಿ ಈ ಆರನೇ ಮಹಡಿಯ ಮನೆಗೆ ಬಂದರು. ಮಾವ ಅಲ್ಲೇ ಉಳಿದರು. ಹೋದ ವರ್ಷ ಮೇಲ್ಸೇತುವೆಗೆಂದು ಆ ಬೀದಿಯನ್ನೇ ಕೆಡವಿದಾಗ ಕತ್ತರಿ, ಬಾಚಣಿಗೆಯ ಪೆಟ್ಟಿಗೆಯೊಂದನ್ನು ಹಿಡಿದು ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತವರು ಎದ್ದೇ ಇರಲಿಲ್ಲ ಎನ್ನಬೇಕು. ಲಿಫ್ಟು ಹತ್ತಲು ಹೆದರಿಕೆ, ಮೆಟ್ಟಿಲಿಗೆ ಮಂಡಿನೋವು. ಕೇಳಿದರೆ, "ಕೆಳಗೆ ಹೋಗಿ ಯಾರ ಜೊತೆ ಮಾತಾಡ್ಲಿ?" ಎನ್ನುವರು.

ಮನೆಯಲ್ಲೇ ಬರೆದು ಕಳಿಸಬೇಕಾದ ಆ ವರ್ಷದ ಅಸೈನ್‌ಮೆಂಟಿಗೆ ಒಂದು ಪ್ರಶ್ನೆ ಬಂದಿತ್ತು: ಇತ್ತೀಚೆಗೆ ಸ್ಥಳ ಬದಲಿಸಿದ ಒಬ್ಬರಿಂದ ಹಳೆಯ ಜಾಗದ್ದೊಂದು, ಹೊಸ ಜಾಗದ್ದೊಂದು, ಎರಡು ಮನೋನಕ್ಷೆ ಬರೆಸಿ. ಅಳತೆ ಬೇಡ, ದಿಕ್ಕು ತಪ್ಪಿದರೂ ಪರವಾಗಿಲ್ಲ, ಆ ವ್ಯಕ್ತಿಯ ಮನಸ್ಸಿನಲ್ಲಿ ಜಾಗ ಹೇಗಿದೆಯೋ ಹಾಗೆ ಇರಬೇಕು.

ಅವಳು ಕಾಗದ, ಪೆನ್ಸಿಲ್ ತಂದು ಮಾವನ ಮುಂದಿಟ್ಟಳು. "ನಂಗೇನು ಚಿತ್ರ ಬರುತ್ತೇನಮ್ಮ?" ಎಂದು ಗೊಣಗುತ್ತಲೇ ಅವರು ಹಳೆಯ ಬೀದಿಯನ್ನು ಶುರು ಮಾಡಿದರು. ಒಂದು ಹಾಳೆ ಸಾಲದೆ ಇನ್ನೊಂದನ್ನು ಅಂಟಿಸಬೇಕಾಯಿತು. ಸೈಕಲ್ ರಿಪೇರಿ ಅಂಗಡಿ, ಗಡಿಯಾರದವನು, ಬಾಗಿಲಲ್ಲೇ ನಿಂತು ಮೂರು ಬೀದಿಯ ಸುದ್ದಿ ಹೇಳುವ ನರ್ಸಮ್ಮ, ತಲೆಯಲ್ಲಿ ಎರಡು ಸುಳಿ ಇದ್ದ ದರ್ಜಿ, ಕೂದಲೆಲ್ಲ ಉದುರಿದ ಮೇಲೂ ತಿಂಗಳಿಗೊಮ್ಮೆ ಬಂದು ಕುರ್ಚಿಯಲ್ಲಿ ಕೂತು ಹರಟುತ್ತಿದ್ದ ಮೇಷ್ಟ್ರು. ಹೊಸ ಜಾಗದ ಹಾಳೆಯಲ್ಲಿ ಒಂದು ಕುರ್ಚಿ, ಒಂದು ಕಿಟಕಿ, ಬಟ್ಟೆ ಒಣಗುವ ಹಗ್ಗ. ಅಷ್ಟಕ್ಕೇ ಪೆನ್ಸಿಲ್ ನಿಂತಿತು.

"ಇಷ್ಟೇನಾ ಮಾವ?"

"ಇರೋದೇ ಅಷ್ಟು. ಸುಳ್ಳು ಬರೀಲಾ?"

ಅವಳು ಹಾಳೆಗಳನ್ನು ಎತ್ತಿಟ್ಟು ಪುಸ್ತಕ ತೆರೆದು ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದ ಓದತೊಡಗಿದಳು. "ಜನರು ಕೆಲಸ, ಶಿಕ್ಷಣ, ಯುದ್ಧ, ವಿಕೋಪ ಮುಂತಾದ ಕಾರಣಗಳಿಗೆ ವಲಸೆ ಹೋಗುತ್ತಾರೆ. ಹಲವು ಸಮಾಜಗಳಲ್ಲಿ ಹೆಂಗಸರ ವಲಸೆಗೆ ಮುಖ್ಯ ಕಾರಣ ಮದುವೆ..."

"ಇನ್ನೊಂದ್ಸಲ ಓದು."

ಓದಿದಳು. ಮಾವ ಕುರ್ಚಿಯನ್ನು ಅವಳತ್ತ ತಿರುಗಿಸಿಕೊಂಡರು.

"ಅಲ್ಲ ಕಣಮ್ಮ, ಎಪ್ಪತ್ತು ವರ್ಷಕ್ಕೆ ಒಂದೇ ಸಲ ಜಾಗ ಬಿಟ್ಟಿದ್ದಕ್ಕೆ ನಾನು ಮುಖ ಊದಿಸ್ಕೊಂಡು ಕೂತಿದೀನಿ. ನೀನು ಇಪ್ಪತ್ತೆರಡಕ್ಕೇ ಬಿಟ್ಟು ಬಂದೆ. ಹೊಸದರಲ್ಲಿ ಹಿತ್ತಿಲ ಬಾಗಿಲಲ್ಲಿ ನಿಂತು ಕಣ್ಣೊರೆಸ್ಕೋತಿದ್ದೆ. ನಾನು ನೋಡಿದೀನಿ. ಈರುಳ್ಳಿ ಹೆಚ್ಚಿರಬೇಕು ಅಂದ್ಕೊಂಡೆ."

"ದಿನಾ ಅಷ್ಟು ಈರುಳ್ಳಿ ಯಾರು ಹೆಚ್ತಾರೆ ಮಾವ?" ಎಂದು ನಕ್ಕಳು.

ಮಾವ ಹೊಸ ಹಾಳೆಯೊಂದನ್ನು ಅವಳತ್ತ ಸರಿಸಿದರು. "ನಿನ್ನ ಬೀದಿ ಬರಿ."

ಅವಳು ಬರೆದಳು. ಮನೆ, ಎದುರಿನ ಕೈಪಂಪು, ಪಕ್ಕದ ಹೊಲಿಗೆಯಮ್ಮನ ಜಗಲಿ, ಶಾಲೆಯ ಓಣಿ. ಓಣಿ ಎಡಕ್ಕೆ ತಿರುಗುತ್ತದೋ ಬಲಕ್ಕೋ ಎಂಬಲ್ಲಿ ಕೈ ತಡೆಯಿತು. ಹುಟ್ಟಿ ಬೆಳೆದ ಬೀದಿ. ಅಪ್ಪ ಅಮ್ಮ ತೀರಿಕೊಂಡು, ಅಣ್ಣ ಮನೆ ಮಾರಿ ಬೇರೆಡೆಗೆ ಹೋದ ಮೇಲೆ ಎಂಟು ವರ್ಷದಿಂದ ಆ ಕಡೆ ತಲೆ ಹಾಕಿರಲಿಲ್ಲ.

"ಭಾನುವಾರ ಹೋಗಿ ನೋಡ್ಕೊಂಡು ಬರೋಣ," ಎಂದರು ಮಾವ.

"ಅಲ್ಲಿ ಯಾರಿದ್ದಾರೆ ಮಾವ? ಬಸ್ಸಲ್ಲಿ ಎರಡು ಗಂಟೆ ದಾರಿ. ನಿಮಗೆ ಲಿಫ್ಟೇ ಆಗಲ್ಲ."

"ಕಣ್ಣು ಮುಚ್ಕೊಂಡು ಇಳೀತೀನಿ."

ಹಾಗೆಯೇ ಇಳಿದರು, ಅವಳ ಮೊಣಕೈಯನ್ನು ಬಿಗಿಯಾಗಿ ಹಿಡಿದು. ಇನ್ನೊಂದು ಕೈಯಲ್ಲಿ ಕತ್ತರಿಯ ಪೆಟ್ಟಿಗೆ. ಇದ್ಯಾಕೆ ಎಂದದ್ದಕ್ಕೆ, "ಬರಿಗೈಲಿ ಹೊರಗೆ ಹೋಗಿ ಅಭ್ಯಾಸ ಇಲ್ಲ," ಎಂದರು.

ಅವಳ ಬೀದಿ ಗುರುತು ಸಿಗದಷ್ಟು ಬದಲಾಗಿತ್ತು. ಮನೆಯ ಮುಂಭಾಗ ಈಗ ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಕೈಪಂಪು ಇದ್ದ ಕಡೆ ಸ್ಕೂಟರುಗಳು ನಿಂತಿದ್ದವು. ಶಾಲೆಯ ಓಣಿ ಬಲಕ್ಕೆ ತಿರುಗುತ್ತಿತ್ತು. ಅವಳು ಕ್ಲಿನಿಕ್ಕಿನ ಎದುರು ಬೇರೆಯವರ ಮನೆ ಬಾಗಿಲಲ್ಲಿ ನಿಂತಂತೆ ನಿಂತಿದ್ದಳು. ಹೊರಟುಬಿಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಜಗಲಿಯಿಂದ ದನಿ ಬಂತು.

"ಗುಬ್ಬಿ? ನೀನು ಗುಬ್ಬಿ ಅಲ್ವೇನೇ?"

ಹೊಲಿಗೆಯಮ್ಮ. ತಲೆಯೆಲ್ಲ ಬೆಳ್ಳಗಾಗಿತ್ತು, ಕೊರಳಲ್ಲಿ ಅಳತೆಯ ಟೇಪು ಮಾತ್ರ ಹಾಗೇ ಇತ್ತು. ಎಂಟು ವರ್ಷದಿಂದ ಯಾರೂ ಕರೆಯದ ಹೆಸರು ಅದು. ಅವಳು ಜಗಲಿ ಹತ್ತಿ ಅವರನ್ನು ಅಪ್ಪಿಕೊಂಡಳು. ಮಾವ ಕೆಳಗೇ ನಿಂತು ಬೇರೆ ಕಡೆ ನೋಡಿದರು.

ಒಳಗೆ ಹೊಲಿಗೆಯಮ್ಮನ ಗಂಡ ಮಂಚದ ಮೇಲಿದ್ದರು. ಬಿದ್ದು ಸೊಂಟ ಮುರಿದು ಏಳು ತಿಂಗಳಾಗಿತ್ತು. ಕೂದಲು ಕಿವಿ ಮುಚ್ಚಿ ಕೊರಳಿಗೆ ಇಳಿದಿತ್ತು. "ಅಂಗಡಿಯವರು ಮನೆಗೆ ಬರಲ್ಲ ಅಂತಾರೆ. ನಾನು ಬಟ್ಟೆ ಕತ್ತರಿಸಬಲ್ಲೆ, ತಲೆ ಮುಟ್ಟೋಕೆ ಧೈರ್ಯ ಇಲ್ಲ," ಎಂದರು ಆಕೆ.

ಮಾವ ಪೆಟ್ಟಿಗೆ ಬಿಚ್ಚಿದರು. ಹಳೆಯ ಸೀರೆಯೊಂದನ್ನು ಕೇಳಿ ಪಡೆದು ಹೊದಿಸಿದರು. ವರ್ಷದಿಂದ ಸುಮ್ಮನಿದ್ದ ಕತ್ತರಿ ಕಿಟಿಕಿಟಿ ಎನ್ನತೊಡಗಿತು. "ಎಡಗಡೆ ಬೈತಲೆನಾ?" "ಹೂಂ." "ಮೀಸೆ?" "ಇರಲಿ, ಅದೊಂದಾದರೂ ಇರಲಿ." ಮುಗಿದ ಮೇಲೆ ಕನ್ನಡಿ ಹಿಡಿದಾಗ ಆ ಮನುಷ್ಯ ತನ್ನ ಕೆನ್ನೆಯನ್ನು ತಾನೇ ಸವರಿಕೊಂಡು, ಹೆಂಡತಿಯ ಕಡೆ ನೋಡಿ ನಾಚಿದಂತೆ ನಕ್ಕರು.

ವಾಪಸು ಬರುವಾಗ ಬಸ್ಸಿನಲ್ಲಿ ಮಾವ ಕೇಳಿದರು, "ಗುಬ್ಬಿ ಅಂತ ನಾನೂ ಕರೀಲಾ?"

"ಬೇಡ ಮಾವ. ನಿಮ್ಮ ಬಾಯಲ್ಲಿ ಕೇಳಿದ್ರೆ ನಗು ಬರುತ್ತೆ."

"ಸರಿ ಬಿಡು." ಸ್ವಲ್ಪ ಹೊತ್ತಿನ ನಂತರ, "ಆ ಥರ ಹಾಸಿಗೆ ಹಿಡಿದೋರು ನಮ್ಮ ಬಿಲ್ಡಿಂಗಲ್ಲೂ ಇರಬಹುದು ಅಲ್ವಾ?" ಎಂದರು.

ಇದ್ದರು. ಮೊದಲು ನಾಲ್ಕನೇ ಮಹಡಿಯ ನಿವೃತ್ತ ಎಂಜಿನ್ ಡ್ರೈವರು, ಆಮೇಲೆ ಒಂಬತ್ತನೆಯದರ ಪಾರ್ಶ್ವವಾಯು ಬಡಿದ ಪತ್ರಿಕೆಯವರು, ಆಮೇಲೆ ಪಕ್ಕದ ಕಟ್ಟಡದ ಇಬ್ಬರು. ಲಿಫ್ಟಿನಲ್ಲಿ ಮಾವ ಮೊದಮೊದಲು ಕಣ್ಣು ಮುಚ್ಚುತ್ತಿದ್ದರು, ಮಳೆಗಾಲ ಮುಗಿಯುವ ಹೊತ್ತಿಗೆ ಬೇರೆಯವರಿಗೆ ಗುಂಡಿ ಒತ್ತಿಕೊಡತೊಡಗಿದರು. ಸೊಸೆ ಎರಡರ ಬದಲು ಮೂರು ನಕ್ಷೆ ಲಗತ್ತಿಸಿ ಅಸೈನ್‌ಮೆಂಟ್ ಕಳಿಸಿದಳು, ಪರೀಕ್ಷೆಯನ್ನೂ ಬರೆದಳು.

ಫಲಿತಾಂಶ ಬಂದ ಬೆಳಿಗ್ಗೆ ಮಾವ ಮನೆಯಲ್ಲಿರಲಿಲ್ಲ. ಹೇಳಲೇಬೇಕೆನಿಸಿ ಅವಳು ನಾಲ್ಕನೇ ಮಹಡಿಗೆ ಇಳಿದು ಹೋದಳು. ಎಂಜಿನ್ ಡ್ರೈವರ ಅರ್ಧ ಮುಖದ ಮೇಲೆ ಸೋಪಿನ ನೊರೆ ಇತ್ತು.

"ಭೂಗೋಳ ಪಾಸಾಯ್ತು ಮಾವ."

ಮಾವ ಕ್ಷೌರದ ಕತ್ತಿಯನ್ನು ಮೇಲೆತ್ತಿ ಹಿಡಿದು ಒಂದು ಗಳಿಗೆ ಅವಳನ್ನೇ ನೋಡಿದರು. ನಂತರ ಮಂಚದ ಮೇಲಿದ್ದವರ ಗಲ್ಲವನ್ನು ಬೆರಳಿಂದ ತಿರುಗಿಸುತ್ತ, "ನಮ್ಮ ಸೊಸೆ. ಇವಳೂರು ಎರಡು ಗಂಟೆ ದಾರಿ. ಒಳ್ಳೇ ಬೀದಿ ಕಣ್ರೀ," ಎಂದು ಶುರು ಮಾಡಿದರು. "ಮನೆ ಎದುರಿಗೇ ಒಂದು ಕೈಪಂಪು ಇತ್ತು. ಪಕ್ಕದಲ್ಲಿ ಹೊಲಿಗೆಯಮ್ಮನ ಜಗಲಿ. ಅಲ್ಲಿಂದ ಮುಂದಕ್ಕೆ ಹೋದ್ರೆ ಶಾಲೆಯ ಓಣಿ, ಅದು ಬಲಕ್ಕೆ ತಿರುಗುತ್ತೆ..."

ಅವಳು ಬಾಗಿಲಿಗೆ ಒರಗಿ ನಿಂತು ಕೇಳಿಸಿಕೊಂಡಳು. ಕೆಲಸಕ್ಕೆ ಹೊತ್ತಾಗುತ್ತಿತ್ತು, ಆದರೂ ನಿಂತಳು.